ನುಂಗಿದ ಎರಡಕ್ಷರ

ಬೆರಳ ಸಂದಿಯ ಬಿಳುಪು ಎಷ್ಟು ತಿಕ್ಕಿದರೂ ಹೋಗಲಿಲ್ಲ. ತುಳಜಾಬಾಯಿ ಬೆಚ್ಚಗಿನ ನೀರಿನಲ್ಲಿ ಅರಿವೆ ಅದ್ದಿ, ಹಿಂಡಿ, ಗಂಡನ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮತ್ತೊಮ್ಮೆ ತಿಕ್ಕಿದಳು. ಕೈ ಆಗಲೇ ಸೆಟೆದಿತ್ತು. ಬೆರಳ ತುದಿಯ ತೊಗಲು ಒಣಗಿದ ಸುಣ್ಣದ ಹಾಗೆ ಬಿರಿದು, ಮಡಿಕೆ ಮಡಿಕೆಯಾಗಿತ್ತು.

"ಸಾಕು ಬಿಡವ್ವಾ, ತೊಗಲು ಕಿತ್ತಿ ಬರ್ತದ," ಅಂದಳು ಮಗಳು ಧಮ್ಮಶೀಲಾ. ಬೆಳಗಿನ ಜಾವ ಅಪ್ಪ ಹೋದ ಸುದ್ದಿ ಕೇಳಿ ಕಂಗ್ಟಿಯಿಂದ ಮೊದಲ ಬಸ್ಸಿಗೆ ಬಂದವಳು ಇನ್ನೂ ಚಪ್ಪಲಿ ಬಿಟ್ಟ ಜಾಗವನ್ನೂ ನೋಡಿಕೊಂಡಿರಲಿಲ್ಲ.

"ಇದು ಐಸಿಂದವ್ವಾ. ಈಗಿನ ಗಿರಾಕಿಗೆ ಐಸು ಭಾಳ ಬೇಕಂತ. ದಿನಾ ಐಸು ಒಡದು ಒಡದು ಕೈ ಹಿಂಗ ಆಗ್ಯಾವ ಅಂತಿದ್ರು ನಿಮ್ಮಪ್ಪ."

ಧಮ್ಮಶೀಲಾ ಆ ಕೈಯನ್ನು ತಾನು ತೆಗೆದುಕೊಂಡು ಬೆಳಕಿಗೆ ಹೊರಳಿಸಿ ನೋಡಿದಳು. "ಐಸಿಗೆ ಹಿಂಗ ಆಗಂಗಿಲ್ಲ. ಇದು ದಿನಾ ನೀರಾಗ ನೆನದ ಕೈ. ನಮ್ಮ ಅಂಗನವಾಡಿ ಆಯಾನ ಕೈ ಹಿಂಗೇ ಅವ, ಭಾಂಡಿ ತಿಕ್ಕಿ ತಿಕ್ಕಿ."

"ನಿಮ್ಮಪ್ಪ ಯಾಕ ಭಾಂಡಿ ತಿಕ್ಕಲಿ? ಇಪ್ಪತ್ತೇಳು ವರ್ಷದ ಸಪ್ಲಾಯರ್ ಅಂವ," ಎಂದು ತುಳಜಾಬಾಯಿ ಕೈಯನ್ನು ಕಸಿದುಕೊಂಡಳು.

ಹಣಮಯ್ಯ ನಾರಾಯಣಖೇಡಿನ ಬಸ್ ಸ್ಟ್ಯಾಂಡಿನ ಹಿಂದಿನ ಸಿಂಧೂರ ಬಾರಿನಲ್ಲಿ ಅದು ತೆರೆದ ದಿನದಿಂದ ಟೇಬಲ್ ನೋಡುತ್ತಿದ್ದವನು. ಒಂದು ಹನಿ ಕುಡಿದವನಲ್ಲ. ಗ್ಲಾಸನ್ನು ಒಣ ಅರಿವೆಯ ಮೇಲೆ ಬೋರಲು ಹಾಕಿಕೊಂಡು ತಂದು, ಗಿರಾಕಿಯ ಕಣ್ಣೆದುರಿಗೇ ತಿರುಗಿಸಿ ಇಡುವುದು ಅವನ ರೀತಿ. ಅವನ ಅಪ್ಪನ ಕಾಲಕ್ಕೆ ಊರ ಚಹಾದಂಗಡಿಯಲ್ಲಿ ಅವರ ಓಣಿಯವರ ಗ್ಲಾಸು ಹೊರಗೆ ಗೂಟಕ್ಕೆ ಬೇರೆ ಇರುತ್ತಿತ್ತು. "ನಮ್ಮಪ್ಪನ ಗ್ಲಾಸು ಹೊರಗ ಇಟ್ರು. ಈಗ ಊರಿಗೆ ಊರೇ ನನ್ನ ಕೈಯಾಗಿನ ಗ್ಲಾಸಿಗೆ ಹಾದಿ ನೋಡ್ತದ," ಎಂದು ಅವನು ಹೇಳಿಕೊಳ್ಳದ ಹಬ್ಬವಿರಲಿಲ್ಲ.

*

ನಾಲ್ಕು ತಿಂಗಳ ಹಿಂದೆ, ಒಂದು ಮಂಗಳವಾರ. ಅವನ ರಜೆಯ ದಿನ. ತುಳಜಾಬಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹಣಮಯ್ಯ ಅಂಗಿಯ ಒಳಗಿನಿಂದ ಬರೆಯುವ ಉದ್ದನೆಯ ಕಾಪಿಯೊಂದನ್ನು ತೆಗೆದು ಅವಳ ಮೊರದ ಪಕ್ಕ ಇಟ್ಟ.

"ಸಣ್ಣ ಮಾಲಕ ಇಟ್ಟಾನ ಇದು. ನಮ್ಮ ಬಾರಿನಾಗ ಏನೇನು ಸುಧಾರಿಸಬೇಕು, ಗಿರಾಕಿಗೋಳು ಬರೀರಿ ಅಂತ. ಓದು ನೋಡೂಣು."

ಮಾಲಕ ತೀರಿಕೊಂಡ ಮೇಲೆ ಅವನ ಮಗ ಬಸವಕಿರಣ ಗಲ್ಲಾಪೆಟ್ಟಿಗೆಗೆ ಕೂತಿದ್ದ. ಹೈದರಾಬಾದಿನಲ್ಲಿ ಹೋಟೆಲಿನ ಓದು ಓದಿ ಬಂದ ಹುಡುಗ; ಹೊಸದು ಮಾಡಬೇಕೆಂಬ ಉಮೇದು.

"ಬಾರಿನಾಗ ಓದೋರು ಯಾರೂ ಇದ್ದಿಲ್ಲೇನು?"

"ಇದ್ರು. ನೀ ಓದು ಅಂದೆ."

ತುಳಜಾಬಾಯಿ ಐವತ್ತು ದಾಟಿದ ಮೇಲೆ ಓಣಿಯ ಬುದ್ಧ ವಿಹಾರದ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು. ನಾಗಲಗಿದ್ದದಿಂದ ಸೈಕಲ್ ಮೇಲೆ ಬರುತ್ತಿದ್ದ ಗುರುಗಳು ಮೊದಲು ಕನ್ನಡ ಕಲಿಸಿ, ಆಮೇಲೆ ಅದೇ ಅಕ್ಷರಗಳ ತಲೆಯ ಮೇಲೊಂದು ಟಿಕ್ ಹೊಡೆದು, "ಇದೇ ನೋಡ್ರಿ ತೆಲುಗು," ಅಂದುಬಿಟ್ಟಿದ್ದರು. ಅವಳು ಎರಡನ್ನೂ ಬೆರಳಿಟ್ಟು ಓದುತ್ತಿದ್ದಳು. ಓದು ಬಾರದ ಹಣಮಯ್ಯನಿಗೂ ಹಾಗೆ ಓದಿದರೇ ಸಮಾಧಾನ. "ಬೆರಳು ಇಟ್ಟು ಓದು, ಎಲ್ಲಿ ತನಕ ಬಂದಿ ಅಂತ ನನಗೂ ಕಾಣಲಿ," ಎನ್ನುತ್ತಿದ್ದ.

ಅವಳು ಓದಿದಳು. ಮೂರನೇ ಟೇಬಲಿನ ಮೇಲಿನ ಫ್ಯಾನು ತಲೆ ಅಲ್ಲಾಡಿಸುತ್ತದೆ, ಕೆಳಗೆ ಕೂತವರು ಮನೆಯಲ್ಲಿ ಹೇಳಿ ಬರಬೇಕು. ಸಂಡಾಸಿನ ಬಾಗಿಲಿಗೆ ಚಿಲಕವಿಲ್ಲ, ಒಳಗಿದ್ದವನು ಹೊರಬರುವ ತನಕ ಹಾಡುತ್ತಿರಬೇಕು, ನನಗೆ ಹಾಡು ಬರುವುದಿಲ್ಲ. ಟಿವಿಯ ಸಪ್ಪಳಕ್ಕೆ ನಮ್ಮ ದುಃಖ ನಮಗೇ ಕೇಳಿಸುವುದಿಲ್ಲ. ಶೇಂಗಾ ಮೆತ್ತಗಾಗಿದೆ. ಗ್ಲಾಸು ತತ್ತಿ ನಾರುತ್ತದೆ.

"ನನ್ನ ಗ್ಲಾಸ ನಾರಂಗಿಲ್ಲ. ಅದು ಹಿಂದ ತೊಳೆಯೋ ಹುಡುಗೂರ ಕೆಲಸ," ಎಂದ ಹಣಮಯ್ಯ. ಅವನು ನಗಲಿಲ್ಲ. ಉಳಿದದ್ದಕ್ಕೂ ಅವನು ನಕ್ಕಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ.

ಪುಟದ ಕೊನೆಯಲ್ಲಿ ತೆಲುಗಿನಲ್ಲಿ ಒಂದು ಬರಹವಿತ್ತು. ಕೈ ನಡುಗುತ್ತದೆ, ಟೇಬಲಿನ ಮೇಲೆ ಚೆಲ್ಲುತ್ತಾನೆ, ಕೆಮ್ಮುತ್ತಾನೆ ಎಂಬುದನ್ನು ಅವಳ ಕಣ್ಣು ಬಾಯಿಗಿಂತ ಮೊದಲೇ ಓದಿತು. ಅದನ್ನು ಹಾರಿಸಿ ಬೆರಳು ಕೊನೆಯ ಸಾಲಿಗೆ ಇಳಿಯಿತು.

"ಈ ಮುಸಲಾಯನ ಮಾಕು ಅಕ್ಕರ…" ಎಂದವಳು ನಿಂತಳು. ಈ ಮುದುಕ ನಮಗೆ ಅಗತ್ಯ ಎನ್ನುವಲ್ಲಿಗೆ ಸಾಲು ಬಂದಿತ್ತು. ಆದರೆ ಮುಂದೆ ಇನ್ನೆರಡಕ್ಷರ ಇದ್ದವು. ಲೇದು. ಇಲ್ಲ. ಅವಳು ಅವೆರಡರ ಮೇಲೆ ಬೆರಳು ಒತ್ತಿ ಹಿಡಿದಳು.

"ಅಕ್ಕರ?" ಎಂದ ಹಣಮಯ್ಯ.

"ಹೂಂ. ಈ ಮುದಕ ನಮಗ ಬೇಕು ಅಂತ ಬರದಾರ."

"ತೆಲುಗಿನಾಗ ಬೇಕು. ನಮ್ಮ ಮಾತಿನಾಗ ಅಕ್ಕರ ಅಂದ್ರ ಪ್ರೀತಿ. ಯಾವುದರಾಗ ಬರದಾನ ಅಂವ?"

"ಎರಡರಾಗೂ ಬರದಾನ, ತೊಗೋರಿ."

ಅವನು ಬಗ್ಗಿ ಅವಳ ಬೆರಳನ್ನೇ ನೋಡಿದ. "ಬೆರಳ ಕೆಳಗ ಏನದ?"

"ಏನಿಲ್ಲ. ಫುಲ್‌ಸ್ಟಾಪು."

ಹಣಮಯ್ಯ ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಕಾಪಿಯನ್ನು ಮಡಚಿ, ಮತ್ತೆ ಅಂಗಿಯೊಳಗೆ ಇಟ್ಟುಕೊಂಡು, "ಹಂಗಾರ ನಾಳೆ ಲಗೂನೆ ಹೋಗಬೇಕು," ಅಂದ.

*

ಹೊತ್ತೇರಿದ ಮೇಲೆ ಬಾರಿನ ಗಿರಾಕಿಗಳು ಬಂದರು. ಏಳೆಂಟು ಮಂದಿ, ಒಳಗೆ ಬರಲಾರದೆ ಬೇವಿನ ಗಿಡದ ಕೆಳಗೆ ಗುಂಪಾಗಿ ನಿಂತರು. ಹಗಲು ಹೊತ್ತಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿದ ರೂಢಿ ಅವರಿಗೂ ಇದ್ದಂತಿರಲಿಲ್ಲ.

"ಇಂವ ಇಲ್ದಾಗಿಂದ ನನಗ ಸಾಕು ಅನ್ನೋರೇ ಇಲ್ಲ ನೋಡ್ರಿ," ಎನ್ನುತ್ತಿದ್ದ ತೊಗರಿ ವ್ಯಾಪಾರದ ವೀರಭದ್ರ. "ಮೂರಾತಂದ್ರ ನನ್ನ ಗ್ಲಾಸು ಬೋರಲು ಹಾಕಿ ಹೋಗಿಬಿಡ್ತಿದ್ದ. ಮಾಲಕ ಬೈದರೂ ಕೇಳ್ತಿದ್ದಿಲ್ಲ."

"ನಿಂದು ಮೂರಾ? ನಿನಗ ಐದಕ್ಕ ಬೋರಲು ಹಾಕ್ತಿದ್ದ. ಸತ್ತ ಮನಿ ಮುಂದರೇ ಖರೇ ಮಾತಾಡು," ಎಂದ ಪಕ್ಕದಲ್ಲಿ ನಿಂತವನು.

ಯಾರೋ ನಕ್ಕರು, ನಕ್ಕವರೇ ಕೆಮ್ಮಿ ಮುಚ್ಚಿಕೊಂಡರು. ಅವರಲ್ಲಿ ಹಿರಿಯ ರೇವಪ್ಪ ಮಾಸ್ತರು ಮಾತ್ರ ಧೈರ್ಯ ಮಾಡಿ ಒಳಗೆ ಬಂದು, ಹೂ ಇಟ್ಟು, ತುಳಜಾಬಾಯಿಯ ಎದುರು ಕುಕ್ಕರುಗಾಲಲ್ಲಿ ಕೂತರು.

"ಭಾಳ ಚೊಲೊ ಮನಶಾ ಇದ್ದ ತಂಗಿ. ಕೊನೀಗೆ ನಾಕ ತಿಂಗಳರ ಮನ್ಯಾಗ ಅರಾಮ ತೊಗೊಂಡ. ಅದೊಂದು ಸಮಾಧಾನ ಅದ ನಮಗ."

ತುಳಜಾಬಾಯಿ ತಲೆ ಎತ್ತಿದಳು. "ಯಾರು ಮನ್ಯಾಗ ಇದ್ರು?"

"ಹಣಮಯ್ಯ. ಕೆಲಸ ಬಿಟ್ಟು ನಾಕ ತಿಂಗಳಾತಲ್ಲ. ನಾವೆಲ್ಲ ಒಂದಿನ ಬಂದು ಮಾತಾಡಿಸಬೇಕು ಅಂತನೇ ಉಳದ್ವಿ."

"ಮೊನ್ನಿ ತನಕ ಡ್ಯೂಟಿಗೆ ಹೋಗ್ಯಾರ್ರಿ. ನಾನೇ ರೊಟ್ಟಿ ಕಟ್ಟಿ ಕೊಟ್ಟೀನಿ. ನಿಮ್ಮ ಸುದ್ದಿನೇ ಹೇಳ್ತಿದ್ರು. ಮಾಸ್ತರ್ರು ಇವತ್ತು ಆಮ್ಲೆಟಿಗೆ ಉಪ್ಪಿಲ್ಲ ಅಂದ್ರು, ವೀರಭದ್ರ ಸೇಟರು ಮಗಳ ನಿಶ್ಚಯ ಆತು ಅಂತ ಕುಣದ್ರು, ಅಂತ."

"ಉಪ್ಪಿಲ್ಲ ಅಂದಿದ್ದು ಖರೇ," ಮಾಸ್ತರು ಗಲಿಬಿಲಿಗೊಂಡರು. "ಖರೇ, ಆದ್ರ ಅಂವ ಅಲ್ಲಿ ಇದ್ದಿದ್ದಿಲ್ಲ. ಅಂಜಪ್ಪಗ ಅಂದಿದ್ದೆ ನಾ."

ಅಂಜಪ್ಪ ಬಾರಿನ ಇನ್ನೊಬ್ಬ ಸಪ್ಲಾಯರ್. ಮುಂಜಾನೆಯಿಂದ ಓಡಾಡಿ ಬಿದಿರು, ಬಿಳಿ ಬಟ್ಟೆ ಹೊಂದಿಸಿದವನು ಅವನೇ. ತುಳಜಾಬಾಯಿ ಅವನತ್ತ ನೋಡಿದಾಗ ಅವನು ಕಟ್ಟುತ್ತಿದ್ದ ಹಗ್ಗದ ಗಂಟನ್ನು ಮತ್ತೆ ಬಿಚ್ಚಿ ಕಟ್ಟತೊಡಗಿದ.

"ಅಂಜ್ಯಾ, ಇಲ್ಲಿ ಬಾ."

ಅವನು ಬಂದು ನಿಂತ.

"ಕಾಕಾ ಎಲ್ಲಿದ್ದ?"

"ಹಿಂದ ಇದ್ದ, ಕಾಕು," ಎಂದ ಅಂಜಪ್ಪ. "ಗ್ಲಾಸ ತೊಳ್ಯಾಕ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಸ್ಕೊಂಡಿದ್ದ. ಗಿರಾಕಿ ಏನೇನ ಅಂದ್ರು ಅಂತ ದಿನಾ ನನ್ನ ಕಡಿಂದ ಕೇಳ್ಕೊಂಡು ಮನೀಗಿ ಬರ್ತಿದ್ದ."

ಧಮ್ಮಶೀಲಾ ಅಪ್ಪನ ಕೈಯ ಕಡೆ ನೋಡಿ, ಮುಖ ತಿರುಗಿಸಿದಳು.

"ಅವನ ಎದಿಗೆ ತಂಪು ಆಗಂಗಿಲ್ಲ ಅಂತ ಡಾಕ್ಟರ್ ಹೇಳಿದ್ರು. ಅಂಥಾಂವನ್ನ ನೀರಾಗ ನಿಲ್ಲಿಸಿದ್ರೇನು?" ಎಂದಳು ತುಳಜಾಬಾಯಿ.

"ನಿಲ್ಲಿಸಲಿಲ್ಲ ಕಾಕು. ಅಂವ ತಾನೇ ಬೇಡಿ ನಿಂತ." ಅಂಜಪ್ಪ ಕೈಯಲ್ಲಿದ್ದ ಹಗ್ಗ ಕೆಳಗಿಟ್ಟ. "ಆ ಕಾಪಿ ಇಟ್ಟಿದ್ರಲ್ಲ, ಸೋಮವಾರ ಸಣ್ಣ ಮಾಲಕ ನಮ್ಮನ್ನೆಲ್ಲ ಸಾಲಿಗೆ ನಿಲ್ಲಿಸಿ ಓದಿ ಹೇಳಿದ. ಎಲ್ಲಾ ಓದಿದ. ಕಾಕಾನ ಮ್ಯಾಲ ಬರದಿದ್ದೂ ಓದಿದ. ನಾಳಿಂದ ಬರಬ್ಯಾಡ ಕಾಕಾ, ಮನ್ಯಾಗ ಅರಾಮ ಇರು ಅಂದ."

"ಸೋಮವಾರ?"

"ಸೋಮವಾರ."

ಅವನು ಕಾಪಿ ತಂದದ್ದು ಮಂಗಳವಾರ.

"ಕಾಕಾ ಕಾಪಿ ಕೇಳಿ ಇಸ್ಕೊಂಡ. ಯಾಕ ಅಂದೆ. ಆಕೀಗಿ ಹೇಳಾಕ ನನ್ನ ಬಾಯಿ ಬರಂಗಿಲ್ಲೋ ಅಂಜ್ಯಾ, ಆಕಿ ಓದಿದಾಕಿ, ತಾನೇ ಓದ್ಕೊಂಡ್ರ ತಿಳೀತದ ಅಂದ. ಬುಧವಾರ ಮಾಲಕ ಬರೂಕಿಂತ ಮೊದಲೇ ಬಂದು ಬಾಗಲಿಗೆ ಕೂತಿದ್ದ. ಹೇಳಿದೇನು ಅಂದೆ. ಆಕಿ ಆ ಮಾತು ನುಂಗಿದಳು ಅಂದ. ಬೆರಳಿಟ್ಟು ಮುಚ್ಚಿದಳು, ನಾ ಅಲ್ಲಿ ಬೇಕಾಗೀನಿ ಅಂತ ಆಕಿ ಮನಸಿನಾಗದ, ಇನ್ನ ಮನ್ಯಾಗ ಹ್ಯಾಂಗ ಕೂಡಲಿ ಅಂದ. ಕಾಪಿ ತಿರುಗಿ ಕೊಟ್ಟು, ಹಿಂದ ಯಾವುದರೇ ಕೆಲಸ ಕೊಡ್ರಿ ಅಂತ ಮಾಲಕನ ಕೈ ಹಿಡದ."

ರೇವಪ್ಪ ಮಾಸ್ತರು ನೆಲ ನೋಡುತ್ತ ಕೂತಿದ್ದರು. "ಆ ಸಾಲು ಬರದಂವ ನಮ್ಮ ಊರಾಂವ ಅಲ್ಲ ತಂಗಿ," ಅಂದರು. "ತಾಂಡೂರಿಗೆ ಹೊಂಟಿದ್ದ ಯಾರೋ ಪಾಸಿಂಜರ್. ನನ್ನ ಪಕ್ಕದ ಟೇಬಲಿಗೇ ಕೂತಿದ್ದ. ಒಂದ ದಿನದ ಗಿರಾಕಿ. ಫ್ಯಾನಿಂದು ನಾ ಬರದೆ, ಚಿಲಕದ್ದು ವೀರಭದ್ರ ಬರದ. ಫ್ಯಾನು ಹಂಗೇ ತಲಿ ಆಡಸ್ತದ, ಚಿಲಕ ಇನ್ನೂ ಬಂದಿಲ್ಲ. ಗ್ಲಾಸು ಮಾತ್ರ ನಾರೂದು ನಿಂತಿತ್ತು. ಕನ್ನಡಿ ಹಂಗ ಬರ್ತಿದ್ದವು. ಯಾರು ತೊಳೀತಾರ ಅಂತ ನಾವು ಒಬ್ಬರೂ ಕೇಳಲಿಲ್ಲ."

*

ಆ ನಾಲ್ಕು ತಿಂಗಳು ಅವನು ಹಿಂದಿಗಿಂತ ಹೆಚ್ಚು ಮಾತಾಡುತ್ತಿದ್ದ. ಬೆಳಿಗ್ಗೆ ಚಹಾ ಕುಡಿಯುತ್ತ ಹಿಂದಿನ ದಿನದ ಟೇಬಲುಗಳನ್ನು ಒಂದೊಂದಾಗಿ ಹೇಳುತ್ತಿದ್ದ. ಹೇಳುವಾಗ ಕೈಗಳನ್ನು ಕಂಬಳಿಯ ಒಳಗೆ ಇಟ್ಟುಕೊಂಡಿರುತ್ತಿದ್ದ. ರಾತ್ರಿ ಕೆಮ್ಮು ಹೆಚ್ಚಾದಾಗ ಅವಳು ಒಂದೆರಡು ಸಲ, "ಸಾಕು ಮಾಡ್ರಿ ಇನ್ನ, ಮನ್ಯಾಗ ಇರ್ರಿ," ಅಂದದ್ದೂ ಉಂಟು.

"ಹ್ಯಾಂಗ ಬಿಡಲಿ? ಅಕ್ಕರ ಅಂತ ಬರದಾರಲ್ಲ," ಎಂದು ಅವನು ಅವಳ ಕಡೆಗೇ ನೋಡುತ್ತಿದ್ದ. ಅವಳು ಏನಾದರೂ ಹೇಳುತ್ತಾಳೇನೋ ಎನ್ನುವ ಹಾಗೆ ನೋಡುತ್ತಿದ್ದ.

ಅವಳು ಕಂಬಳಿ ಸರಿಮಾಡಿ, ಓಮಕಾಳಿನ ಕಷಾಯಕ್ಕೆ ನೀರಿಡಲು ಎದ್ದು ಹೋಗುತ್ತಿದ್ದಳು.

*

"ಆ ಕಾಪಿ ತೊಗೊಂಡು ಬಾ," ಎಂದಳು ತುಳಜಾಬಾಯಿ.

"ಈಗ್ಯಾಕ ಕಾಕು? ಮಂದಿ ಎಲ್ಲ ನಿಂತಾರ."

"ತೊಗೊಂಡು ಬಾ ಅಂದೆ. ಅಲ್ಲಿ ತನಕ ಎತ್ತಬ್ಯಾಡ್ರಿ."

ಬಾರು ಹತ್ತು ಹೆಜ್ಜೆಯ ದೂರದಲ್ಲಿರಲಿಲ್ಲ. ಅಂಜಪ್ಪ ಮೋಟರ್ ಸೈಕಲ್ ಮೇಲೆ ಹೋಗಿ ಬರುವಾಗ ಹಿಂದೆ ಬಸವಕಿರಣ ಕೂತಿದ್ದ. ಒಂದು ಕೈಯಲ್ಲಿ ದೊಡ್ಡ ಹಾರ, ಇನ್ನೊಂದು ಕೈಯಲ್ಲಿ ಕಾಪಿ. ಹಾರ ಇಟ್ಟು, ಕಾಪಿಯನ್ನು ಎರಡೂ ಕೈಯಿಂದ ಅವಳ ಮುಂದೆ ಹಿಡಿದ.

"ನಾ ಅವರಿಗೆ ಒಳ್ಳೇದಾಗ್ಲಿ ಅಂತನೇ ಹೇಳಿದ್ದೆರಿ, ಅಮ್ಮಾ," ಅಂದ.

"ಹೌದಪ್ಪಾ," ಎಂದಳು ತುಳಜಾಬಾಯಿ. "ನಾನೂ ಹಂಗಂತನೇ ಮಾಡಿದ್ದು."

ಅವಳು ಗಂಡನ ತಲೆಯ ಬದಿಗೆ ಸರಿದು ಕೂತಳು. ಕಾಪಿಯನ್ನು ಅವನ ಎದೆಯ ಬಿಳಿ ಬಟ್ಟೆಗೆ ಒರಗಿಸಿ, ಹಾಳೆ ತಿರುವಿ ಆ ಪುಟ ಹುಡುಕಿದಳು. ಓಣಿಯ ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಯಾರೋ, "ಆಕೀನ ಹಿಡೀರೇ, ದುಃಖಕ್ಕ ತಲಿ ಕೆಟ್ಟದ," ಅಂದರು. ಧಮ್ಮಶೀಲಾ ಕೈ ಅಡ್ಡ ಮಾಡಿ ಅವರನ್ನು ತಡೆದಳು.

ತುಳಜಾಬಾಯಿ ಬೆರಳಿಟ್ಟು ಓದತೊಡಗಿದಳು. ರಾತ್ರಿ ಶಾಲೆಯಲ್ಲಿ ಓದುತ್ತಿದ್ದ ಹಾಗೆ, ಒಂದೊಂದು ಅಕ್ಷರವನ್ನೂ ಬಿಡಿಸಿ, ಗಟ್ಟಿಯಾಗಿ. ಫ್ಯಾನು ಓದಿದಳು. ಚಿಲಕ ಓದಿದಳು. ಟಿವಿ, ಶೇಂಗಾ, ತತ್ತಿ ನಾರುವ ಗ್ಲಾಸು. ಬೇವಿನ ಗಿಡದ ಕೆಳಗಿದ್ದವರು ತಮ್ಮ ತಮ್ಮ ಸಾಲು ಬಂದಾಗ ತಲೆ ತಗ್ಗಿಸಿದರು. ಆಮೇಲೆ ಅವಳು ಅಂದು ಹಾರಿಸಿದ್ದನ್ನೂ ಓದಿದಳು: ಕೈ ನಡುಗುತ್ತದೆ, ಚೆಲ್ಲುತ್ತಾನೆ, ಕೆಮ್ಮುತ್ತಾನೆ.

"ಈ ಮುಸಲಾಯನ ಮಾಕು ಅಕ್ಕರ," ಎಂದು ಓದಿ ನಿಂತಳು. ಉಸಿರು ತೆಗೆದುಕೊಂಡಳು. ಅವನ ಕಿವಿಯ ಹತ್ತಿರ ಬಗ್ಗಿದಳು.

"ಲೇದು," ಎಂದಳು.

ಅಲ್ಲಿ ತನಕ ತಡೆದು ನಿಂತಿದ್ದ ವಿಹಾರದ ಹಿರಿಯರು ಬುದ್ಧಂ ಸರಣಂ ಗಚ್ಛಾಮಿ ಶುರುಮಾಡಿದರು. ನಾಲ್ಕು ಮಂದಿ ಬಗ್ಗಿ ಹೆಗಲು ಕೊಟ್ಟರು. ಅವರಲ್ಲಿ ಅಂಜಪ್ಪನೂ ಇದ್ದ, ವೀರಭದ್ರನೂ ಇದ್ದ. ಮಗಳು ಕಾಪಿಯನ್ನು ತೆಗೆದು ಅವ್ವನ ಮಡಿಲಿಗೆ ಸರಿಸಿದಳು. ನೀಲಿ ಬಾವುಟ ಮುಂದಾಗಿ, ಅಂಗಳದ ಧೂಳು ಎದ್ದು, ಜನ ಒಬ್ಬೊಬ್ಬರೇ ಓಣಿಯ ತಿರುವಿನತ್ತ ನಡೆದರು.

ತುಳಜಾಬಾಯಿ ಕೂತಲ್ಲೇ ಕೂತಿದ್ದಳು. ಕಾಪಿ ಮಡಿಲಲ್ಲಿ ತೆರೆದೇ ಇತ್ತು. ಬೆಳಗಿನಿಂದ ಅವನನ್ನು ತೊಳೆದ ನೀರಿನಲ್ಲಿ ನೆನೆದು ಬೆಳ್ಳಗೆ, ಮಡಿಕೆ ಮಡಿಕೆಯಾದ ಅವಳ ತೋರುಬೆರಳು ಆ ಎರಡಕ್ಷರದ ಕೆಳಗೆ ನಿಂತಿತ್ತು.