ಯಾತ್ರೆಯ ಗಾಡಿಯ ದೇವರ ಗೂಡು

ನೆಮ್ಮಾರಿನಿಂದ ಚಾಲಕ ಚೋಮನ ಫೋನು ಬಂದಾಗ ಚಂದ್ರಶೇಖರ ಭಟ್ಟರು ಹರಿಹರಪುರದ ಮನೆಯಲ್ಲಿ ಊಟದ ಎಲೆಯ ಮುಂದೆ ಕುಳಿತಿದ್ದರು.

"ಅಯ್ಯಾ, ತಿರುವಲ್ಲಿ ಜೋರು ಬ್ರೇಕ್ ಹಾಕಿದೆ. ದೇವರ ಗೂಡು ಕಳಚಿ, ಮಲಗಿದ್ದ ಸಣ್ಣಯ್ಯನ ತಲೆ ಮೇಲೆ ಬಿತ್ತು. ಹೋಗಿಬಿಟ್ರು ಅಯ್ಯಾ."

ಸಣ್ಣಯ್ಯ ಎಂದರೆ ಭಟ್ಟರ ತಮ್ಮ ಸಚ್ಚಿದಾನಂದ. ಹಳೆಯ ಮಿನಿಬಸ್ಸೊಂದನ್ನು ಕೊಂಡು, ಯಾತ್ರೆಗೆಂದು ಅದರೊಳಗೆ ಮಂಚ, ಅದರ ಮೇಲ್ಗಡೆ ದೇವರ ಗೂಡು, ಕಪಾಟು, ಅಡಿಗೆಕಟ್ಟೆ ಎಲ್ಲ ಕೂರಿಸಿಕೊಂಡಿದ್ದ. ಮರಗೆಲಸ ಕೊಪ್ಪದ ಸುಬ್ಬಪ್ಪಾಚಾರಿಯದು. ಭಟ್ಟರು ಅನ್ನಕ್ಕೆ ಕೈಮುಗಿದು ಎದ್ದರು. ಅಳಲಿಲ್ಲ. ಆಚಾರಿಯ ಹೆಸರನ್ನು ಹಲ್ಲು ಕಚ್ಚಿ ಹೇಳಿಕೊಂಡರು.

ತಮ್ಮನ ಉತ್ತರಕ್ರಿಯೆಯ ಬೊಜ್ಜ ಕಳೆದ ಮೇಲೆ ಆಚಾರಿಯನ್ನೇ ಕರೆಸಿದರು. "ನೀನೇ ಕೂರಿಸಿದ್ದು. ನೀನೇ ಕೀಳು."

ಅಡಿಗೆಕಟ್ಟೆ ಕಿತ್ತು ಬರುವಷ್ಟರಲ್ಲಿ ಸುಬ್ಬಪ್ಪನಿಗೆ ಬೆವರಿಳಿಯಿತು. ಒಂದೊಂದು ಬೋಲ್ಟೂ ಗಾಡಿಯ ಕಬ್ಬಿಣದ ಪಕ್ಕೆಗೆ ಕಚ್ಚಿ ಕೂತಿತ್ತು. ಕಪಾಟಂತೂ ಬೆಳಗೆಲ್ಲ ತಿಂದಿತು.

"ಇದೆಲ್ಲ ಇಷ್ಟು ಗಟ್ಟಿ. ಗೂಡಿಗೆ ಎಂತ ಹಾಕಿದ್ದೆ, ಅಂಟಾ?"

"ಮರದ ಗೂಟ, ಭಟ್ರೇ. ದೇವರ ಗೂಡಿಗೆ ಕಬ್ಬಿಣ ತಾಗಬಾರದು ಅಂದ್ರು ಸಣ್ಣಯ್ಯ. ನಿಮ್ಮ ಮನೇಲೂ ಹಂಗೇ ಅಲ್ವಾ?"

"ಮನೆ ಓಡ್ತದಾ? ಓಡೋ ಗಾಡೀಲಿ ಗೂಟ ಸಡಿಲಾಗ್ತದೆ ಅಂತ ನಿಂಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಶಾಸ್ತ್ರದ ಮಾತಿಗೆ ನಾನೆಂತ ಎದುರಾಡೋದು ಅಂತ ಸುಮ್ಮನಾದೆ."

"ಹಾಗಾದ್ರೆ ಈಗಲೂ ಸುಮ್ಮನಿರು ಮಾರಾಯ. ಗೂಡನ್ನ ಮತ್ತೆ ಅದೇ ಗೂಟಕ್ಕೆ ಸಿಕ್ಕಿಸು. ಕೆಳಗೆ ಮಂಚದಲ್ಲಿ ಮಲಗು. ನೆಮ್ಮಾರಿಗೆ ಹೋಗಿ ಬರುವ."

ಸುಬ್ಬಪ್ಪ ಅವರ ಮುಖ ನೋಡಿದ. ಸಿಕ್ಕಿಸಿದ. ಮಲಗಿದ.

ಭಟ್ಟರು ಹೊಂಡಗಳನ್ನು ಹುಡುಕಿ ಹುಡುಕಿ ಗಾಡಿ ಬಿಟ್ಟರು. ಹಿಂದೆ ಗೂಟ ಕಿರ್ ಎಂದಾಗಲೆಲ್ಲ ಅವರ ಹೊಟ್ಟೆ ತಣ್ಣಗಾಗುತ್ತಿತ್ತು. ಆ ತಿರುವು ಕಂಡಿತು. ವೇಗ ಏರಿಸಿ, ಬ್ರೇಕಿನ ಮೇಲೆ ಕಾಲಿಟ್ಟರು. ಇನ್ನು ಒತ್ತಿದರೆ ಮುಗಿಯಿತು.

ಕೊಂದ ಕೈಯಿಂದ ಬಿಟ್ಟ ಎಳ್ಳುನೀರು ತಮ್ಮನಿಗೆ ಮುಟ್ಟೀತೆ? ಹೆಂಡತಿ ಮಕ್ಕಳಿಲ್ಲದ ಅವನಿಗೆ ನೀರು ಬಿಡಲು ಬೇರೆ ಯಾರಿದ್ದಾರೆ?

ಬ್ರೇಕು ಒತ್ತದೆ ಕಾಲು ತೆಗೆದರು. ಗಾಡಿ ಉಸಿರು ಬಿಡುತ್ತ, ನಿಧಾನವಾಗುತ್ತ, ತುಂಗೆಯ ಬದಿಗೆ ಬಂದು ನಿಂತಿತು.

"ಏಳು. ಕನಿಕರದಿಂದ ಬಿಟ್ಟೆ ಅಂದ್ಕೋಬೇಡ. ಮಂಚ, ಗೂಡು ಎಲ್ಲ ಇಲ್ಲೇ ಕಿತ್ತು ಹಾಕು. ಒಂದು ಮೊಳೆ ಉಳೀಬಾರದು. ಆಮೇಲೆ ಕೊಪ್ಪಕ್ಕೆ ನಡ್ಕೊಂಡು ಹೋಗು."

ಸುಬ್ಬಪ್ಪ ಎಲ್ಲವನ್ನೂ ಕಿತ್ತ. ಉಳಿ ಸುತ್ತಿಗೆಯ ಚೀಲ ಹೆಗಲಿಗೇರಿಸಿ, ಹಿಂದಿರುಗಿ ನೋಡದೆ ನಡೆದ.

ಬರಿಯ ತಗಡಾಗಿ ಉಳಿದ ಗಾಡಿಯೊಳಗೆ, ತಮ್ಮನ ಮಂಚವಿದ್ದ ಜಾಗದಲ್ಲಿ ಭಟ್ಟರು ಕುಳಿತರು. ಶೃಂಗೇರಿಯ ದಿಕ್ಕಿಗೆ ತಿರುಗಿ ಕೈಮುಗಿದರು.

"ತಾಯಿ ಶಾರದೆ, ಈ ಸಿಟ್ಟು ನನ್ನ ಜೊತೆಗೇ ಇರಲಿ, ಅದರ ಕಾವು ನನ್ನ ತಮ್ಮನಿಗೆ ತಾಗದಿರಲಿ. ಅವನಿಗೆ ಸದ್ಗತಿ ಕೊಡು. ಅವನ ಜೀವ ತಣ್ಣಗಿರಲಿ."