ಪಾದ್ರಿಮನೆಯ ಕಲ್ಲಿದ್ದಲು

"ಚಲ್ಲಣ ತೊಟ್ಟ ಹೆಂಗಸ್ರೆಲ್ಲ ಚರಿತ್ರೆ ಕೇಳೋರಾ? ಮೊದ್ಲು ಮುಖ ತೊಳ್ಕೊಳ್ಳಿ," ಎಂದರು ಪಾದ್ರಿ ಹಾರ್ಗ್ರೀವ್ಸ್.

ಗಣಿಯ ಕೂಲಿ ಹೆಂಗಸು ಕೆಜಾಯ ಕಲ್ಲಿದ್ದಲಿನಿಂದ ಕಲ್ಲು ಆರಿಸುವ ಕೈ ನಿಲ್ಲಿಸಲಿಲ್ಲ. ವಿಗನ್ ಕಡೆಯ ಗಣಿಗಳಲ್ಲಿ ಲಂಗ ತೊಟ್ಟರೆ ಬಂಡಿಯ ಗಾಲಿಗೆ ಸಿಕ್ಕಿ ಸಾಯಬೇಕು. ಹಾಗೆ ಸಾಯುವುದೇ ಪಾದ್ರಿಗಳಿಗೆ ಮರ್ಯಾದೆಯಾಗಿ ಕಂಡಿತೋ ಏನೋ.

ಗಣಿಗೆ ಅರವತ್ತು ತುಂಬಿತ್ತು. ಧಣಿ ಪಾದ್ರಿಗಳಿಂದ ಅದರ ಚರಿತ್ರೆ ಬರೆಸಿದ್ದ. ಕೂಲಿಗಳೂ ನಾಲ್ಕು ಮಾತು ಕೇಳಲಿ ಎಂದು ಅವರೇ ಓದಲು ಬಂದಿದ್ದರು. ಧಣಿಯ ತಾತನ ಜಾಣತನಕ್ಕೆ ಮೂರು ಪುಟ, ಅವನ ಮೂಗಿನ ಚಂದಕ್ಕೆ ಅರ್ಧ ಪುಟ. ಆಮೇಲೆ ಎಂಟು ವರ್ಷದ ಹಿಂದಿನ ಸ್ಫೋಟ ಬಂತು: "ಕ್ಯಾಪ್ಟನ್, ಡೈಮಂಡ್, ಬ್ಲಾಸಮ್ ಎಂಬ ಉತ್ತಮ ಕುದುರೆಗಳೂ ಇಪ್ಪತ್ಮೂರು ಕೂಲಿಗಳೂ ಅಳಿದರು."

ಈಗ ಕೈ ನಿಂತಿತು. ಆ ಇಪ್ಪತ್ಮೂರರಲ್ಲಿ ಅವಳ ಗಂಡ ಎಲೈ ಒಬ್ಬ. ಹೆಣ ಮೇಲೆ ಬರಲಿಲ್ಲ. ಬೆಂಕಿ ಆರಲೆಂದು ಸುರಂಗಕ್ಕೆ ಅಡ್ಡಗೋಡೆ ಕಟ್ಟಿಬಿಟ್ಟರು. ಅವನದೆಂದು ಉಳಿದದ್ದು ಹೆಸರೊಂದೇ.

"ಕುದ್ರೆ ಹೆಸ್ರು ಬಾಯಿಪಾಠ ಬತ್ತದೆ. ನಮ್ಮೋರ ಹೆಸ್ರಿಗೇನ್ ದೊಡ್ರೋಗ ಬಂದಿತ್ತು?" ಎಂದಳು.

ಪುಸ್ತಕದಲ್ಲಿ ಜಾಗವಿಲ್ಲವೆಂದು ಪಾದ್ರಿಗಳು ಸಮಾಧಾನ ಹೇಳಿ, ಕೋಟು ಕೊಡವಿಕೊಂಡು ಹೋದರು.

ಪ್ರತಿ ಸೋಮವಾರ ಪಾದ್ರಿಮನೆಗೆ ಗಣಿಯಿಂದ ಒಂದು ಗಾಡಿ ಕಲ್ಲಿದ್ದಲು ಹೋಗುತ್ತಿತ್ತು. ತುಂಬುವವರು ಇದೇ ಹೆಂಗಸರು. ಆ ವಾರ ಗಾಡಿಗೆ ಬೇರೆ ಕಲ್ಲಿದ್ದಲು ತುಂಬದೆ, ಇಪ್ಪತ್ಮೂರು ದಪ್ಪ ಹೆಂಟೆ ಆರಿಸಿ, ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಒಂದೊಂದು ಹೆಸರು ಬರೆದು ಕಳಿಸಿದರು. ಮಧ್ಯಾಹ್ನಕ್ಕೆ ಪಾದ್ರಿಗಳು ಏದುಸಿರು ಬಿಡುತ್ತ ಬಂದರು.

"ಏನೇ ಇದು, ಕೆಜಾಯ?"

"ಚರಿತ್ರೆ, ಪಾದ್ರಿಗಳೇ. ಭಾನುವಾರದ ಶಾಲೇಲಿ ಅಕ್ಸರ ಕಲ್ಸಿದೋರು ನೀವೇಯ, ಸೊಟ್ಟಗಿದ್ರೆ ನಮ್ಮನ್ ಬೈಬ್ಯಾಡಿ. ಒಂದೋ ಪುಸ್ತಕಕ್ಕೆ ಬರ್ಕೊಳ್ಳಿ, ಇಲ್ಲಾಂದ್ರೆ ನಿಮ್ ಕೈಯಾರೆ ಒಲೆಗಾಕಿ."

ಮನೆಗೆ ಹೋಗಿ ಅವರು ಕೆಲಸದ ಹುಡುಗಿ ಡಾರ್ಕಸ್‌ಗೆ ಹೆಸರೆಲ್ಲ ಒರೆಸಲು ಹೇಳಿದರು. ಅವಳು ಎತ್ತಿಕೊಂಡ ಮೊದಲ ಹೆಂಟೆಯ ಮೇಲೇ ಅವಳಪ್ಪನ ಹೆಸರಿತ್ತು. ಬಟ್ಟೆ ಕೆಳಗಿಟ್ಟು, ಹೆಂಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು.

ಅಷ್ಟು ಚಳಿಯಲ್ಲೂ ಆ ವಾರ ಪಾದ್ರಿಮನೆಯಿಂದ ಹೊಗೆ ಏಳಲಿಲ್ಲ. ಭಾನುವಾರ ಪ್ರಸಂಗದ ನಡುವೆ ಅವರು ಏಳು ಸಲ ಸೀನಿದರು. ಹಿಂದಿನ ಸಾಲಿನ ಹೆಂಗಸರು ಏಳು ಸಲವೂ ಭಕ್ತಿಯಿಂದ, ಒಟ್ಟಿಗೇ, ದೇವರು ಕಾಪಾಡಲಿ ಎಂದರು.

ಸೋಮವಾರ ಮತ್ತೆ ಗಾಡಿ ಬಂತು. ಬರೆದವಳನ್ನು ಅಲ್ಲೇ ಕೆಲಸದಿಂದ ತೆಗೆಯುವುದಾಗಿ ಧಣಿ ಹೇಳಿ ಕಳಿಸಿದ್ದ. ಮೇಸ್ತ್ರಿ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ. ಕೆಜಾಯ ಚಲ್ಲಣದ ಜೇಬಿನಿಂದ ಸೀಮೆಸುಣ್ಣ ತೆಗೆದು, ಎಲೈ ಎಂದು ಹೋದ ಸಲಕ್ಕಿಂತ ದೊಡ್ಡದಾಗಿ ಬರೆದಳು. ಆಮೇಲೆ ತುಂಡನ್ನು ಪಕ್ಕದವಳ ಕೈಗೆ ಕೊಟ್ಟಳು.