ಕೇಳದೆ ಒತ್ತಿದ ಗುಂಡಿ

ಆ ಬ್ರೌಸರ್ ಕಂಪನಿಯಲ್ಲಿ ಒಂದು ವಿಚಿತ್ರ ಕಟ್ಟಳೆ. ಹೊಸ ಆವೃತ್ತಿ ಜನರಿಗೆ ಬಿಡುವ ದಿನ ಹೊರಗಿನವರೊಬ್ಬರನ್ನು ಕರೆದು ಕಂಪ್ಯೂಟರ್ ಮುಂದೆ ಕೂರಿಸಬೇಕು. ಅವರು ಏನೇ ಕೇಳಲಿ, ಒಳಗಿನವರು ತುಟಿಪಿಟಕ್ ಅನ್ನಬಾರದು. ಪರದೆಯೇ ಎಲ್ಲ ಹೇಳಬೇಕು. ಯಾರಾದರೂ ಬಾಯಿಬಿಟ್ಟು ವಿವರಿಸಿದರೋ, ಆವತ್ತಿನ ಬಿಡುಗಡೆ ನಿಂತಂತೆ.

ಪರದೆಯ ಮಾತುಗಳನ್ನೆಲ್ಲ ಬರೆದವಳಿಗೆ ಬೆಳಗ್ಗಿನಿಂದ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಎಂಟು ತಿಂಗಳ ದುಡಿಮೆ ಇವತ್ತು ಹನ್ನೆರಡಕ್ಕೆ ಲಕ್ಷಾಂತರ ಜನರ ಕೈಸೇರಬೇಕು. ಕೂತಿದ್ದವರು ಯಾರು ಅಂತೀರಿ, ಅವಳ ಚಿಕ್ಕಮ್ಮನೇ. ಟೈಲರ್ ಚಿಕ್ಕಮ್ಮ. ಬಟ್ಟೆ ಕೈಗೆ ಬಂದರೆ ಮೊದಲು ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡುವುದು ಅವರ ಜಾಯಮಾನ. ಇಲ್ಲೂ ಅದೇ ಚಾಳಿ. ಚೆಂದದ ಮುಖಪುಟ ಬಿಟ್ಟು ಸೀದಾ ಸೆಟ್ಟಿಂಗ್ಸ್ ಒಳಗೆ ನುಗ್ಗಿದರು.

"ಜಾಹೀರಾತು ಅಳತೆ," ಚಿಕ್ಕಮ್ಮ ಗಟ್ಟಿಯಾಗಿ ಓದಿದರು. "ಯಾವ ಜಾಹೀರಾತು ನೋಡಿ ನೀವು ಸಾಮಾನು ಕೊಂಡಿರಿ ಎಂಬುದನ್ನು ನಿಮ್ಮ ಹೆಸರಿಲ್ಲದೆ, ಗುಂಪಿನ ಲೆಕ್ಕದಲ್ಲಷ್ಟೇ ಜಾಹೀರಾತುದಾರರಿಗೆ ತಿಳಿಸುತ್ತೇವೆ. ಓಹೋ. ಅಲ್ಲಾ, ಇದು ಆಗಲೇ ಆನ್ ಆಗಿದೆಯಲ್ಲ? ನಾನಂತೂ ಮುಟ್ಟಿಲ್ಲ. ಯಾರು ಒತ್ತಿದ್ದು?"

ಹನ್ನೆರಡಕ್ಕೆ ಇನ್ನು ಆರೇ ನಿಮಿಷ. ಸದಾ ಸಮಯ ನೋಡುವುದಕ್ಕೇ 'ಗಡಿಯಾರ' ಅನ್ನಿಸಿಕೊಂಡಿದ್ದ ಮುಖ್ಯಸ್ಥ ಇವಳನ್ನೇ ದುರುಗುಟ್ಟಿ ನೋಡಿದ. ಆನ್ ಮಾಡಿಯೇ ಬಿಡೋಣ, ಅಷ್ಟು ಒಳಗೆ ಹೋಗಿ ಯಾರು ನೋಡ್ತಾರೆ ಅಂದಿದ್ದವನು ಅವನು. ಹೂಂಗುಟ್ಟಿದವಳು ಇವಳು.

"ನಿನ್ನನ್ನೇ ಕೇಳ್ತಿರೋದು ಕಣೇ," ಅಂದರು ಚಿಕ್ಕಮ್ಮ.

ಸುಮ್ಮನಿದ್ದರೆ ಆರು ನಿಮಿಷದಲ್ಲಿ ಎಲ್ಲ ಮುಗಿಯುತ್ತೆ. ಆದರೆ ಕೈ ಹಿಡಿದು ಅಕ್ಷರ ತಿದ್ದಿಸಿದವರ ಮುಂದೆ ಏನೂ ಅರಿಯದವಳ ಹಾಗೆ ಕೂರುವುದು ಹೇಗೆ? ಹಾಳಾಗಿ ಹೋಗಲಿ ಅಂದುಕೊಂಡಳು.

"ನಾವೇ ಚಿಕ್ಕಮ್ಮ. ನಿಮ್ಮನ್ನ ಕೇಳದೆ ಒತ್ತಿದ್ವಿ."

ಗಡಿಯಾರ ತಲೆಯ ಮೇಲೆ ಕೈ ಹೊತ್ತು ಕೂತ. ಬಿಡುಗಡೆ ನಿಂತಿತು. ಅವಳಿಗೋ, ಹೆದರಿಕೆ ಆಗಬೇಕಾದ ಜಾಗದಲ್ಲಿ ಹಿಗ್ಗು ಉಕ್ಕಿ ಬಂತು. ಎಂಟು ತಿಂಗಳಲ್ಲಿ ಇಷ್ಟು ಹಗುರಾಗಿದ್ದೇ ಇಲ್ಲ. ಕೈ ಆಗಲೇ ಪಕ್ಕದ ಮೇಜಿನ ಕೀಬೋರ್ಡ್ ಮೇಲೆ ಓಡುತ್ತಿತ್ತು.

"ಒಂದೇ ದಿನ ಚಿಕ್ಕಮ್ಮ. ನಾಳೆ ಗುಂಡಿ ಆಫ್ ಇರುತ್ತೆ, ಮೊದಲನೇ ಪರದೆಯಲ್ಲೇ ಕೇಳ್ತೀವಿ, ಬೇಕಾದವರು ಮಾತ್ರ ಒತ್ತಲಿ," ಅಂತ ಒಂದೇ ಉಸಿರಿಗೆ ಹೇಳಿದಳು.

ಚಿಕ್ಕಮ್ಮ ಗುಂಡಿ ಆಫ್ ಮಾಡಿ ಎದ್ದರು.

"ಹೆಸರು ಹೋಗಲ್ಲ ಅಂದಮೇಲೆ, ಮೊದಲೇ ಕೇಳಿದ್ರೆ ಹೂಂ ಅಂತಿದ್ದೆ. ನಾಳೆ ಕೇಳಿ ನೋಡು. ಏನಂತೀನೋ ನಂಗೂ ಗೊತ್ತಿಲ್ಲ."